ಟೊಪಗಿ ಹಾಕ್ಕೊಂಡ ಅಕ್ಷರ ಮತ್ತ ಕಾಗವಾಡ ಕಾಕಾ

ಓದಾಕ ಬಂದೋರು ಇದ್ದಲ್ಲಿ ತಪ್ಪು ಕಡಿಮಿ ಆಗತಾವು ಅಂತ ನಾ ಭಾಳ ದಿನ ತಿಳಕೊಂಡಿದ್ದೆ. ನನ್ನ ಸೊಸಿ ಚಿಕ್ಕೋಡಿಯೊಳಗ ಟೈಪ್ ಮಾಡೂದು, ಝೆರಾಕ್ಸ್ ತಗಿಯೂದು ಅಂತ ಒಂದು ಅಂಗಡಿ ಇಟ್ಟ ಮ್ಯಾಲ ಗೊತ್ತಾತು, ತಪ್ಪು ಆಗೂದ ಓದಾಕ ಬಂದೋರ ಕೈಯಾಗ. ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಹಿಂಗಾಗಿ ಇಲ್ಲೀತನಕ ನನ್ನ ಕೈಯಿಂದ ಒಂದ ಅಕ್ಷರನೂ ಕೆಟ್ಟಿಲ್ಲ.

ಅಂಗಡಿ ಬಾಗಲದಾಗ ಒಂದು ಪ್ಲಾಸ್ಟಿಕ್ ಕುರ್ಚಿ ಐತಿ, ಅದು ನಂದು. ಮನಿಯಾಗ ಒಬ್ಬಾಕಿನ ಕುಂತ್ರ ಗ್ವಾಡಿ ಜೋಡಿ ಮಾತಾಡಬೇಕು. ಇಲ್ಲಿ ಕುಂತ್ರ ಐದ ತಾಲೂಕಿನ ಮಂದಿ ತಾವ ಬಂದು ಮಾತಾಡಸತಾರ. ಇಲ್ಲಿ ಅಕ್ಷರ ಹಾದಿ ತಪ್ಪೂದು, ಅವನ್ನ ಹುಡುಕಿ ಮನಿಗೆ ಕರಕೊಂಡ ಬರೂದು ದಿನಾ ನಡದದ್ದ. ಅದರಾಗ ಕೆಲವನ್ನ ಹೇಳತೀನಿ. ನಾ ಹೇಳತೀನಿ, ಸೊಸಿ ಟೈಪ್ ಮಾಡತಾಳ. ತನ್ನ ಮಾತು ಬಂದಲ್ಲಿ ಸ್ವಲ್ಪ ಮೆಲ್ಲಕ ಮಾಡತಾಳ, ಅಷ್ಟ.

ಟೊಪಗಿ ಹಾಕ್ಕೊಂಡ ಅಕ್ಷರ

ಮೊಮ್ಮಗಳನ್ನ ಕಾಗವಾಡಕ್ಕ ಕೊಟ್ಟೀವಿ. ಬಾಣಂತನಕ್ಕ ತವರಿಗೆ ಬಂದಳು, ಗಂಡುಕೂಸು ಆತು, ತೊಟ್ಟಿಲದಾಗ ಹಾಕಿ ಹೆಸರಿಡೂ ದಿನಾನೂ ಗೊತ್ತಾತು. ಎಲ್ಲಾ ದೇವರ ದಯಾ. ಖರೆ ನನಗ ಒಂದ ಚಿಂತಿ ಹತ್ತಿತು.

ನಮ್ಮ ಮನಿತನದಾಗ ತೊಟ್ಟಿಲ ತೂಗುವಾಗ ಒಂದು ಹಾಡು ಹಾಡಲೇಬೇಕು. ಅದು ನಮ್ಮಕ್ಕನ ಹಾಡು. ಊರೂರಿನ ಬಂಧು ಬಳಗ ಕೂಸಿಗೆ ಏನೇನ ತಂದಾರ ಅಂತ ಹೇಳೂ ಹಾಡು:

ಅಂಕಲಿ ಮಾವ ತಂದಾನ ಅಂಗಿ ಕುಲಾಯಿ
ನಿಪ್ಪಾಣಿ ಮಾವ ತಂದಾನ ನೀಲಿ ಗಿರಗಿಟ್ಲಿ
ಅಥಣಿ ಮಾಮಿ ತಂದಾಳ ಅತ್ತರ ಸೀಸಿ
ರಾಯಬಾಗ ಆಯಿ ತಂದಾಳ ರಾಜಗಿರಿ ಉಂಡಿ
ಜೋ ನನ ಕಂದಾ ಜೋ

ಹಿಂಗ ಶಿರಗುಪ್ಪಿ, ಕಬ್ಬೂರ ಅಂತ ಉದ್ದಕ್ಕ ಹೊಕ್ಕೈತಿ. ಯಾವ ಊರಿನ ಬೀಗರು ಬಂದು ಕುಂತಿರತಾರೋ ಆ ಊರಿನ ಸಾಲು ಬರಲೇಬೇಕು. ಬರಲಿಲ್ಲ ಅಂದ್ರ ಬೀಗರ ಮಾರಿ ಸಣ್ಣ ಆಗತೈತಿ, ಮುಂದ ಬಾಣಂತಿ ಗಂಡನ ಮನಿಗೆ ಹೋದ ಮ್ಯಾಲ ಅದನ್ನ ಆಕಿನ ಕೇಳಬೇಕು. ನನಗ ಎಲ್ಲಾ ಊರೂ ಬರತಾವು. "ಕಾಗವಾಡ ಕಾಕಾ ತಂದಾನ" ಅನ್ನೂತನಕನೂ ಬರತೈತಿ. ಏನ ತಂದಾನ ಅನ್ನೂದ ಬರವಲ್ದು. ಅಲ್ಲಿಗೆ ಬಂದಾಗ ಅಕ್ಕ ಏನೋ ಅಂದಳು, ನಾವೆಲ್ಲಾ ಹೊಟ್ಟಿ ಹಿಡಕೊಂಡ ನಕ್ಕಿವಿ, ಅಷ್ಟ ನೆನಪೈತಿ. ಅಕ್ಕ ಈಗ ಇಲ್ಲ.

ಆದರ ಹಾಡು ಇತ್ತು. ಹೆಂಗಸರ ಹಾಡು ಕೂಡಿಸತಿದ್ದ ಮಾಸ್ತರೊಬ್ಬರು ಕಬ್ಬೂರಿಂದ ಬರತಿದ್ದರು. ಅಕ್ಕ ಇದ್ದಾಗ ಒಮ್ಮೆ ನಮ್ಮಿಬ್ಬರನ್ನೂ ಇದ ಅಂಗಡಿಯಾಗ ಕೂಡ್ರಿಸಿಕೊಂಡು, ನಾವು ಹಾಡಿದಂಗ ಹಾಡಿದಂಗ ತಾವ ಕಂಪ್ಯೂಟರಿನಾಗ ಬಡಕೊಂಡಿದ್ದರು. ನಿಮ್ಮ ಬಾಯಾಗಿಂದ ಬಂದದ್ದರಾಗ ಒಂದ ಅಕ್ಷರ ಬಿಡಂಗಿಲ್ಲರಿ ಅಕ್ಕಾರ, ಅದು ಪಾಪ ಆಗತೈತಿ ಅನ್ನೋರು. ಆ ಪುಣ್ಯಾತ್ಮರೂ ಈಗ ಇಲ್ಲ. ಹಳೇ ಕಂಪ್ಯೂಟರ ಕೆಟ್ಟ ಮ್ಯಾಲ ಸೊಸಿ ಅದರಾಗಿಂದೆಲ್ಲಾ ಹೊಸದಕ್ಕ ಹಾಕ್ಕೊಂಡಿದ್ದಳು.

ಆಕಿ ಆ ಫೈಲ್ ತಗದಳು. ತಗದಾಕಿ ಹಣಿ ಮ್ಯಾಲ ಕೈ ಇಟ್ಟಳು. ನಾ ಎದ್ದ ಹೋಗಿ ನೋಡಿದೆ. ಒಂದು ಅಕ್ಷರ ತಲೀಮ್ಯಾಲ ಟೊಪಗಿ ಹಾಕ್ಕೊಂಡೈತಿ, ಇನ್ನೊಂದಕ್ಕ ಕೆಳಗ ಬಾಲ ಐತಿ, ಒಂದಕ್ಕ ಎರಡು ಚುಕ್ಕಿ ಕೊಂಬಿನಂಗ ನಿಂತಾವು. ನನಗ ಭಾಳ ಚೆಂದ ಕಂಡವು.

"ಅತ್ತಿ, ಇದು ಓದಾಕ ಬರೂದಿಲ್ಲರಿ" ಅಂದಳು, ಕಣ್ಣಾಗ ನೀರ ತಂದು.

"ನನಗೂ ಬರೂದಿಲ್ಲ. ಇಷ್ಟ ವರ್ಷ ಆತು, ನಾ ಯಾರ ಮುಂದರ ಅತ್ತೀನೇನು?"

ಮೂರನೇ ಡಬ್ಬಿ

ಯಾರೂ ಮುಟ್ಟದ ಇದ್ದದ್ದು ಇದ್ದಲ್ಲೇ ಹೆಂಗ ಕೆಟ್ಟಿತು ಅಂತ ಕೇಳಿದೆ. ಸೊಸಿ, ಅಂಕಲಿ ಝುಣಕಾ ನೆನಸ್ಕೋರಿ ಅಂದಳು.

ಅದೊಂದು ಕತಿ. ಸೊಸಿ ತವರಮನಿ ಅಂಕಲಿ. ಆಕಿ ಅವ್ವಗ ಒಮ್ಮೆ ಮೈಯಾಗ ಆರಾಮ ಇರಲಿಲ್ಲ ಅಂತ ನೋಡಾಕ ಹೋದಾಕಿ, ನಾನ ಅಡಗಿಗೆ ನಿಂತೆ. ಬ್ಯಾಡ ಬ್ಯಾಡ ಅಂದ್ರು. ಗಂಡಿನ ಅವ್ವ ಒಲಿ ಮುಂದ ನಿಲ್ಲೂದು ಅವರಿಗೆ ಸಂಕೋಚ. ನಾ ಕೇಳಲಿಲ್ಲ. ಅವರ ಮನಿಯಾಗ ಡಬ್ಬಿಗೆಲ್ಲಾ ಚೀಟಿ ಅಂಟಿಸಿ ಹೆಸರ ಬರದಾರ. ನಾ ಚೀಟಿ ಓದಾಕಿ ಅಲ್ಲ, ಜಾಗಾ ಓದಾಕಿ. ನಮ್ಮ ಮನಿ ಹಲಗಿ ಮ್ಯಾಲ ಮೊದಲನೇದು ಖಾರ, ಎರಡನೇದು ಅರಿಷಿಣ, ಮೂರನೇದು ಉಪ್ಪು. ಕೈ ತಾನ ಮೂರನೇ ಡಬ್ಬಿಗೆ ಹೋತು, ಮುಟಗಿ ತುಂಬ ತಗದು ಕಡ್ಲಿಹಿಟ್ಟಿನ ಝುಣಕಾಕ್ಕ ಹಾಕಿದೆ. ಅವರ ಮನಿಯಾಗ ಮೂರನೇದು ಸಕ್ಕರಿ. ಅವರದು ಕಬ್ಬಿನ ಊರು, ಸಕ್ಕರಿನೂ ಉಪ್ಪಿನಂಗ ಸಣ್ಣದು.

ಕಂಪ್ಯೂಟರೂ ನಿಮ್ಮಂಗ ರಿ ಅತ್ತಿ, ಅಂತ ಸೊಸಿ ತಿಳಿಸಿ ಹೇಳಿದಳು. ಅದಕ್ಕ ಅಕ್ಷರ ಓದಾಕ ಬರೂದಿಲ್ಲ, ಡಬ್ಬಿ ನಂಬರ ಅಷ್ಟ ಗೊತ್ತು. ಮಾಸ್ತರು ತಮ್ಮದ ಒಂದು ಬ್ಯಾರೆ ಅಕ್ಷರದ ಸಿಡಿ ತಂದು ಹಾಕಿದ್ದರು, ಎಲ್ಲಾರ ಹಂತೇಕ ಇರೂದಲ್ಲ. ಅವರ ಹಲಗಿ ಮ್ಯಾಲ ಯಾವ ಡಬ್ಬಿಯಾಗ 'ಅ' ಇತ್ತೋ, ಈಗಿನ ಮಷೀನಿನಾಗ ಅದ ಡಬ್ಬಿಯಾಗ ಟೊಪಗಿ ಹಾಕ್ಕೊಂಡ ಇಂಗ್ಲಿಷ್ ಅಕ್ಷರ ಕುಂತೈತಿ. ಹಾಡು ಕೆಟ್ಟಿಲ್ಲ. ಡಬ್ಬಿ ಅದಲ ಬದಲ ಆಗ್ಯಾವು. ಈಗ ಎಲ್ಲಾ ದೇಶದ ಅಕ್ಷರಕ್ಕೂ ಕೂಡಿ ಒಂದ ಹಲಗಿ ಮಾಡ್ಯಾರ, ಯೂನಿಕೋಡ್ ಅಂತಾರ, ಅದಕ್ಕ ಹಾಕ್ಕೊಂಡ್ರ ಆತು ಅಂದಳು.

ಹಂಗಾದ್ರ ಹಾಕ್ಕೋ ಅಂದೆ. ಆ ಸಿಡಿ ಎಲ್ಲೂ ಸಿಗವಲ್ದು, ಮಾಸ್ತರ ಅಡಗಿಮನಿ ಕಂಡೋರು ಯಾರೂ ಉಳದಿಲ್ಲ, ಅದ ತ್ರಾಸು ಅಂದಳು.

ಅಷ್ಟು ಕೇಳಿ ನನಗ ಚಿಂತಿ ಆಗೂದ ಬಿಟ್ಟು ಆ ಅಂಕಲಿ ಊಟ ನೆನಪಾಗಿ ನಗು ಬಂತು. ಪಾಪ, ಆ ದಿನ ಪಂಕ್ತಿಗೆ ಕುಂತ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಬೀಗತಿ ಮಾಡಿದ ಅಡಗಿ ಅಂತ ಎಲ್ಲಾರೂ ಬಾಗಿ ಉಂಡರು. ಅಂಥಾ ಮನಿಯ ಮಗಳು ನನಗ ಸೊಸಿಯಾಗಿ ಸಿಕ್ಕಾಳ. ಬೀಗರೊಬ್ಬರು ಮಾತ್ರ ಎರಡು ತುತ್ತು ತಿಂದು, ರೊಟ್ಟಿ ಕೆಳಗಿಟ್ಟು, ಭಾಳ ಮರ್ಯಾದಿಲೆ ಕೇಳಿದರು:

"ಬೀಗತ್ಯಾರ, ನಿಮ್ಮ ಕಡೆ ಈ ಝುಣಕಾಕ್ಕ ತುಪ್ಪ ಹಾಕ್ಕೊಂತಾರೋ, ಹಾಲ ಹಾಕ್ಕೊಂತಾರೋ?"

ನಿಮ್ಮದ ಇದು, ನಿಮ್ಮದ

ನಿಪ್ಪಾಣಿಯೊಳಗ ಒಬ್ಬರು ಲಗ್ನಪತ್ರಿಕಿ ಛಾಪಿಸೋರು ಅದಾರ. ಮರಾಠಿ, ಕನ್ನಡ ಎರಡೂ ಮಾಡತಾರ, ಹಳೇ ಅಕ್ಷರ ಎಲ್ಲಾ ಇಟ್ಟಾರ ಅಂತ ಸೊಸಿ ಕೇಳಿದ್ದಳು. ಇಬ್ಬರೂ ಬಸ್ ಹತ್ತಿ ಹೋದಿವಿ. ಬರ್ರಿ ವೈನಿ, ಯಾ ಆಜಿ ಬಸಾ ಅಂತ ಕುರ್ಚಿ ಕೊಟ್ಟರು. ಫೈಲ್ ಹಾಕಿ ತಗದರು. ಈ ಸಲ ಟೊಪಗಿ ಇಲ್ಲ, ಬಾಲ ಇಲ್ಲ. ಎಲ್ಲಾ ಅಕ್ಷರ ಒಂದು ಗೆರಿ ಹಿಡಕೊಂಡು, ಹಗ್ಗದ ಮ್ಯಾಲ ಒಣಾಕ ಹಾಕಿದ ಅರಬಿ ಹಂಗ ಜೋತ ಬಿದ್ದಾವು.

ಬಂತು ನೋಡ್ರಿ, ಅಂದೆ ನಾನು.

ಛಾಪಿಸೋರು ಬಗ್ಗಿ ನೋಡಿದರು. ಹೆ ಕಾನಡಿ ಆಹೆ ವೈನಿ, ಅಂದರು. ಸೊಸಿ ಬಗ್ಗಿ ನೋಡಿದಳು. ಕನ್ನಡ ಅಲ್ಲರಿ, ಮರಾಠಿ ಕಾಣತೈತಿ, ನೀವ ಓದ್ರಿ ಅಂದಳು. ಅವರು ಓದಾಕ ಹೋದರು. ಒಂದ ಶಬ್ದಕ್ಕ ಮೂರು ಸಲ ಉಸರ ಕಟ್ಟಿತು. ಅಲ್ಲೇ ಬಾಕಿನ ಮ್ಯಾಲ ತಂಬಾಕಿನ ವ್ಯಾಪಾರಿ ಒಬ್ಬರು ಕುಂತಿದ್ದರು, ಜೈನರ ಪೈಕಿ, ಎರಡೂ ಮಾತು ಹಾಲು ಕುಡದಂಗ ಬಲ್ಲೋರು. ಅವರು ಚಾಳೀಸ ಏರಿಸಿಕೊಂಡು ಎದ್ದು ಬಂದರು. ದೊಡ್ಡ ದನಿಲೆ ಓದಿದರು. ಕೇಳಿದ್ರ ಯಾರೋ ಬಾಯಿ ತುಂಬ ಚುನಮುರಿ ಇಟಗೊಂಡು ಬೈಯಾಕತ್ತಂಗ ಆತು. ಓದಿ ಮುಗಿಸಿ, ಮರಾಠಿ ಅಂತೂ ನವ್ಹೆ ಅಂದರು. ಹಂಗಾದ್ರ ಕನ್ನಡ ಐತೇನ್ರಿ ಅಂದಳು ಸೊಸಿ. ಚಾಳೀಸ ಇಳಿಸಿ, ಅದೂ ಅಲ್ಲ ಖರೆ, ಇದ್ದರ ನಿಮ್ಮ ಕಡೇದ ಇರಬೇಕು ಅಂದರು. ಛಾಪಿಸೋರೂ ಹೌದು ಹೌದು, ನಿಮ್ಮದ ಅಂದರು. ಸೊಸಿ ಇಲ್ಲರಿ, ನಿಮ್ಮದ ಅಂದಳು.

ಮಾಸ್ತರ ಹಲಗಿಯ ಡಬ್ಬಿ ಇವರ ಮರಾಠಿ ಹಲಗಿ ಮ್ಯಾಲ ಹೋಗಿ ಕುಂತಿದ್ದವು, ಅಷ್ಟ. ಅವರಿಗೇನು ನಮ್ಮ ಸಲುವಾಗಿ ತ್ರಾಸ ತಗೊಳ್ಳೂ ಜರೂರ ಇರಲಿಲ್ಲ. ಆದರೂ ಕೆಲಸ ಎಲ್ಲಾ ಬದಿಗಿಟ್ಟು, ಹಳೇ ಕನ್ನಡ ಅಕ್ಷರನ್ನ ಹೊಸದಕ್ಕ ಬದಲಿಸೂ ಒಂದು ಪ್ರೋಗ್ರಾಮ್ ಸೊಸಿ ಪೆನ್ ಡ್ರೈವಿಗೆ ಹಾಕಿ ಕೊಟ್ಟರು. ಎಲ್ಲಾರೂ ಬಳಸತಿದ್ದ ಅಕ್ಷರಕ್ಕ ಚಲೋ ನಡೀತೈತಿ, ನಿಮ್ಮ ಮಾಸ್ತರದಕ್ಕ ಹೇಳಾಕ ಬರಂಗಿಲ್ಲ ಅಂದರು. ಅವರ ಋಣ ದೊಡ್ಡದು.

ಬಸ್ಸಿನಾಗ ಬರುವಾಗ ಸೊಸಿ ಸಪ್ಪಗ ಕುಂತಿದ್ದಳು. ನಾ ಅಂದೆ, ನಮ್ಮ ಈ ಗಡಿಯಾಗ ಹುಟ್ಟಿದಾಗಿಂದ ನಮ್ಮದು ನಮ್ಮದು ಅಂತ ಜಗಳಾಡೂದ ನೋಡೀನಿ. ನಿಮ್ಮದ ಇದು, ನಿಮ್ಮದ ಅಂತ ಒಬ್ಬರಿಗೊಬ್ಬರು ಬಿಟ್ಟುಕೊಟ್ಟದ್ದು ಇವತ್ತ ನೋಡಿದೆ.

ಪಾವತಿ

ಆ ಪ್ರೋಗ್ರಾಮ್ ಮಾಸ್ತರ ಫೈಲಿಗೆ ಹಾಕಿದರ ಟೊಪಗಿ ಹೋಗಿ ಕನ್ನಡ ಬಂತು, ಅರ್ಥ ಬರಲಿಲ್ಲ. 'ಅಂಕಲಿ' ಇದ್ದಲ್ಲಿ 'ಞುಢಘೀ' ಅಂತ ಏನೋ ಬಂದೈತಿ ಅಂತ ಸೊಸಿ ಓದಿದಳು. ಖರೆ ಬ್ಯಾರೆ ಹಳೇ ಫೈಲಿಗೆ ಚಲೋ ಹತ್ತಿತು. ಅದ ಹೊತ್ತಿಗೆ ರಾಯಬಾಗದ ಒಬ್ಬರು ಅಜ್ಜ ಬಂದರು. ಹಿರೇ ಮೊಮ್ಮಗಳ ಲಗ್ನಪತ್ರಿಕಿ ನೀವ ಮಾಡಿದ್ರಿ, ಕಿರಿಯಾಕಿದೂ ಹಂಗ ಮಾಡ್ರಿ, ಫೋನಿನಾಗ ಎಲ್ಲಾರಿಗೂ ಕಳಸಬೇಕು ಅಂದರು. ಅಂಕಿ ಮಾತ್ರ ಇಂಗ್ಲಿಷಿನಾಗ ಇರಲಿ, ಈಗಿನ ಹುಡುಗರಿಗೆ ಕನ್ನಡ ಅಂಕಿ ತಿಳಿಯೂದಿಲ್ಲ ಅಂದರು.

ಸೊಸಿ ಹಳೇದನ್ನ ಹೊಸ ಅಕ್ಷರಕ್ಕ ಹಾಕಿ, ಹೆಸರು ಬದಲ ಮಾಡಿ, ಕನ್ನಡ ಅಂಕಿ ಎಲ್ಲಾ ಒಮ್ಮೆಲೆ ಇಂಗ್ಲಿಷ್ ಆಗು ಅಂತ ಮಷೀನಿಗೆ ಹೇಳಿದಳು. ಮಷೀನು ಹೇಳಿದ ಮಾತು ಮೀರೂದಿಲ್ಲ. ಆದರ ಒಂದ ಗುಟ್ಟು ಐತಿ. ಮೊದಲಿನ ಮಂದಿ ಅಕ್ಷರದ ಮುಂದ ಹಾಕೂ ಅರ್ಕಾವತ್ತಿನ ಬದಲಿ ಕನ್ನಡದ ಒಂಬತ್ತು ಒತ್ತಿ ಬಿಡತಿದ್ದರಂತ, ಸೊಸಿ ಕೈಗೂ ಅದ ರೂಢಿ, ನೋಡಾಕ ಎರಡೂ ಒಂದ. ಕಣ್ಣಿಗೆ ಒಂದ, ಮಷೀನಿಗೆ ಒಂಬತ್ತು ಒಂಬತ್ತ. ಮದಿಮಗಳ ಹೆಸರು ಪಾರ್ವತಿ. ಎಲ್ಲಾರ ಫೋನಿನಾಗ ಹೋದದ್ದು 'ಪಾವ9ತಿ'. ಮುಹೂರ್ತ ಅನ್ನೂದು 'ಮುಹೂತ9' ಆತು. ಮುಂದ ಮಧ್ಯಾಹ್ನದ ವೇಳೆ ಬರದಿತ್ತು, ಅಲ್ಲೀತನಕ ಯಾರು ಓದತಾರ?

ಲಗ್ನ ಆದ ಮ್ಯಾಲ ಅಜ್ಜ ಅಂಗಡಿಗೆ ಬಂದರು. ಸೊಸಿಗೆ ಸುದ್ದಿ ಮೊದಲ ಮುಟ್ಟಿತ್ತು, ಮಷೀನಿನ ಹಿಂದ ತಲಿ ತಗ್ಗಿಸಿ ಕುಂತಳು. ಅಜ್ಜ ಬುಂದೆ ಉಂಡಿ ಡಬ್ಬಿ ಮೇಜಿನ ಮ್ಯಾಲ ಇಟ್ಟು, ತಂಗೆವ್ವಾ ನಿನ್ನ ಉಪಕಾರ ಮರಿಯಂಗಿಲ್ಲ ಅಂದರು. ನಮ್ಮ ಮನಿಯಾಗ ಆದ ಒಂದ ಲಗ್ನಕ್ಕರ ಮಂದಿ ಮುಹೂರ್ತಕ್ಕ ಬಂದದ್ದು ಇಲ್ಲ, ಎಲ್ಲಾರೂ ನೆಟ್ಟಗ ಊಟಕ್ಕ ಬರೋರು. ಈ ಸಲ ಒಂಬತ್ತಕ್ಕ ಮಂಟಪ ತುಂಬಿತ್ತು, ಅಕ್ಷತಾ ಸಾಲಲಿಲ್ಲ ಅಂದರು. ಹೊಸ ಅಳಿಯನ ಗೆಳ್ಯಾರು ಮದಿಮಗಳಿಗೆ ಪಾವತಿ ನಂಬರ ಒಂಬತ್ತ ಅಂತ ಹೆಸರಿಟ್ಟಾರಂತ. ಹುಡುಗಿ ಸಿಟ್ಟಾಗ್ಯಾಳೇನ್ರಿ ಅಂತ ಸೊಸಿ ಅಂಜಿಕೋತ ಕೇಳಿದಳು.

"ಆಕಿ ಯಾಕ ಸಿಟ್ಟಾಗತಾಳ. ಗಂಡಗ ಕೇಳಾಕತ್ತಾಳ, ಮೊದಲಿನ ಎಂಟ ಪಾವತಿ ಯಾರ್ಯಾರಿಗೆ ಹರದ ಕೊಟ್ಟಿ ಅಂತ."

ಬರೇ ಪ್ರಶ್ನಿ

ಶಿರಗುಪ್ಪಿಯ ಒಬ್ಬ ರೈತರು ಅರ್ಜಿ ಬರಸಾಕ ಬಂದಿದ್ದರು. ಹೊಲದಾಗ ಕಬ್ಬು ನಿಂತೈತಿ, ಸಕ್ಕರಿ ಫ್ಯಾಕ್ಟರಿಯವರು ಕಡಿಯೂ ಗ್ಯಾಂಗ್ ಕಳಸವಲ್ರು, ಒಣಗಾಕತ್ತೈತಿ ಅಂತ ಅವರ ಗೋಳು. ಹಿಂದ ಎಷ್ಟೋ ಅರ್ಜಿ ಕೊಟ್ಟಿದ್ದರಂತ, ಯಾರೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸೊಸಿ ಚೆಂದಗೆ ಬರದಳು. ಉಳಿಸೂ ಹೊತ್ತಿಗೆ ಮಷೀನು ಇಂಗ್ಲಿಷಿನಾಗ ಏನೋ ಕೇಳಿತು, ಮಂದಿ ಗದ್ಲದಾಗ ಹೂಂ ಅಂತ ಒತ್ತಿ ಕಳಿಸಿಬಿಟ್ಟಳು. ಅದು ಕೇಳಿದ್ದು, ಕನ್ನಡ ಇಟಗೊಳ್ಳಾಕ ನನ್ನ ಹಂತೇಕ ಡಬ್ಬಿ ಇಲ್ಲ, ಚೆಲ್ಲಿಬಿಡಲೇನು ಅಂತ. ಒಂದೊಂದ ಅಕ್ಷರ ಚೆಲ್ಲಿ ಒಂದೊಂದ ಪ್ರಶ್ನಿ ಗುರುತು ಇಟ್ಟಿತ್ತು. ಮ್ಯಾಲಿಂದ ಕೆಳಗಿನತನಕ ಬರೇ ಪ್ರಶ್ನಿ.

ಒಂದೆರಡು ದಿನಕ್ಕ ರೈತರು ಓಡಿಕೋತ ಬಂದರು. ಅರ್ಜಿ ತಗೊಂಡೋರು ತಾವ ಫೋನ್ ಮಾಡಿದ್ದರಂತ. ಏನ್ರಿ ಗೌಡ್ರ, ಇಷ್ಟು ಪ್ರಶ್ನಿ ಕೇಳಿದರ ನಾವು ಯಾವುದಕ್ಕಂತ ಉತ್ತರ ಕೊಡೂದು, ಮಾಹಿತಿ ಹಕ್ಕಿನಾಗ ಹಾಕೀರೇನು, ಮೊದಲ ನಿಮ್ಮ ಕಬ್ಬ ಕಡಿಸ್ಕೋರಿ, ಆಮ್ಯಾಲ ಕೂತು ಮಾತಾಡೂಣು ಅಂದರಂತ. ಗ್ಯಾಂಗ್ ಹೊಲಕ್ಕ ಬಂದ ಇಳದೈತಿ. ಸೊಸಿ ತಪ್ಪಾತ್ರಿ ಅನ್ನಾಕ ಬಾಯಿ ತಗದ್ರ ಅವರು ಆಕಿ ಕಾಲಿಗೆ ಬೀಳಾಕ ಹೋದರು. "ವೈನಿ, ನನ್ನ ಎಲ್ಲಾ ಅರ್ಜಿ ಇನ್ನ ಇದ ಭಾಷಾದಾಗ ಬರೀರಿ."

ಅವರು ನಕ್ಕೋತ ಹೋದರು. ಸೊಸಿ ಮಾತ್ರ ನಗಲಿಲ್ಲ. ಅಥಣಿಯಾಗ ಕಂಪ್ಯೂಟರ ಕಲಿಸೂ ಗೆಳತಿ ಒಬ್ಬಾಕಿ ಇದ್ದಾಳ, ಆಕಿಗೆ ಫೋನ್ ಹಚ್ಚಿದಳು. ಟೊಪಗಿ ಹಾಕ್ಕೊಂಡ ಅಕ್ಷರ ಜೀವಂತ ಇರತೈತಿ, ಪ್ರಶ್ನಿ ಆದದ್ದು ಸತ್ತ ಹೋದಂಗ, ತಿರುಗಿ ಬರೂದಿಲ್ಲ. ಮಾಸ್ತರ ಫೈಲ್ ತಗದು ಹೂಂ ಅಂತ ಒತ್ತೀಯವ್ವ, ಮೊದಲ ನಾಲ್ಕ ಕಡೆ ನಕಲಾ ಮಾಡಿಟಗೋ ಅಂತ ಆಕಿ ಹೇಳಿದಳಂತ. ಅಕ್ಕನ ಹಾಡು ಪೂರಾ ಪ್ರಶ್ನಿ ಆಗಿದ್ದರ? ಆ ಅಥಣಿ ತಾಯಿ ಹೊಟ್ಟಿ ತಣ್ಣಗಿರಲಿ.

ಹಾಡಿಕೋತ ಹುಡುಕಿದ್ದು

ಕಡೀಕ ದಾರಿ ಸಿಕ್ಕದ್ದೂ ಆ ಅಥಣಿ ಗೆಳತಿಯಿಂದನ. ಹಾಡಿನಾಗ ನಿಮಗ ಗೊತ್ತಿದ್ದ ಸಾಲು ಇದ್ದರ, ಅದನ್ನ ಹಿಡಕೊಂಡು ಯಾವ ಗುರುತಿಗೆ ಯಾವ ಅಕ್ಷರ ಅಂತ ಕೂಡಿಸಿಕೋತ ಹೋಗ್ರಿ ಅಂದಳು. ಮಾಸ್ತರ ಅಡಗಿಮನಿಗೆ ನಾ ಹೋಗಿದ್ದಿಲ್ಲ, ಖರೆ ಅಡಗಿ ಉಂಡಾಕಿ ನಾನ ಅಲ್ಲೇನು.

ನಾ ಬಾಗಲದಾಗ ಕುಂತು "ಅಂಕಲಿ" ಅಂತ ಎಳದು ಹಾಡೂದು, ಸೊಸಿ ಬೆರಳ ಇಟ್ಟು, ಟೊಪಗಿದು 'ಅ', ಬಾಲದ್ದು 'ಕ', ಕೊಂಬಿಂದು 'ಲಿ' ಅಂತ ಬರಕೊಳ್ಳೂದು. ತಡೀರಿ ಅಂದಲ್ಲಿ ನಾ ರಾಗ ಹಿಡಕೊಂಡ ನಿಲ್ಲಬೇಕು. ಎತ್ತು ನೀರ ಕಂಡು ನಿಂತಂಗ ನಾ ಅರ್ಧಾ ಶಬ್ದದಾಗ ನಿಂತಿರತಿದ್ದೆ, ಉಸರ ಹೋಗೂತನಕ. 'ರಾಜಗಿರಿ' ಅನ್ನೂದು ಆಕಿಗೆ ಭಾಳ ಉಪಯೋಗ ಬಿತ್ತು, ರ, ಜ, ಗ, ಎಲ್ಲಾ ಅದರಾಗ ಅದಾವು. ಅತ್ತಿ ಇನ್ನೊಮ್ಮೆ ರಾಜಗಿರಿ ಉಂಡಿ ಅನ್ರಿ, ಅತ್ತಿ ಇನ್ನೊಮ್ಮೆ. ಮುಂಜಾನಿಂದ ಅದ ನಡೀತು. ಝೆರಾಕ್ಸ್ ತಗಸಾಕ ಬಂದ ಹಿರಿಯರೊಬ್ಬರು ಬಾಕಿನ ಮ್ಯಾಲ ಕುಂತು ನೋಡಿದರು, ಎದ್ದು ಹೋದರು, ಸ್ವಲ್ಪ ಹೊತ್ತಿಗೆ ತಿರುಗಿ ಬಂದು ನನ್ನ ಉಡ್ಯಾಗ ಒಂದು ಪೊಟ್ಟಣ ಇಟ್ಟರು. ಸೊಸಿ ಕಡೆ ಕೆಕ್ಕರಿಸಿ ನೋಡಿ, ನನಗ ಅಂದರು:

"ತಿನ್ರಿ ಆಯಿ. ಮುಂಜಾನಿಂದ ಬೇಡಾಕತ್ತೀರಿ, ಇಂಥಾ ಸೊಸಿ ಯಾರಿಗೂ ಬ್ಯಾಡ."

ಕಾಗವಾಡ ಕಾಕಾ

ಹೆಸರಿಡೂ ದಿನ ಬಂತು. ಹಿಂದಿನ ದಿನದತನಕ ಸೊಸಿ ಅಕ್ಷರ ಕೂಡಿಸಿದ್ದಳು. ಆ ಮುಂಜಾನಿ ಹೋಳಗಿ ಹಂಚಿನ ಮುಂದ ನಿಂತಾಗ ಉಳದ ಒಂದೆರಡು ಗುರುತು 'ಎ' ಮತ್ತ 'ಹ' ಇರಬೇಕು ಅಂತ ಹೊಳೀತಂತ, ಹಿಟ್ಟಿನ ಕೈಲೆ ಓಡಿ ಹೋಗಿ ಮಷೀನಿಗೆ ಹಾಕಿದಳು. ಹಾಡು ಅಷ್ಟೂ ಹೊಸ ಅಕ್ಷರದಾಗ ಬಂದು ಆಕಿ ಫೋನಿನಾಗ ಕುಂತಿತು. ಓದಿ ನೋಡಾಕ ಪುರಸೊತ್ತ ಸಿಗಲಿಲ್ಲ, ಬೀಗರ ಗಾಡಿ ಬಾಗಲಿಗೆ ಬಂದು ನಿಂತಿತ್ತು.

ಕಾಗವಾಡದವರು ಮನಿ ತುಂಬ ಬಂದರು. ಬೀಗತಿ, ಆಕಿ ಮಕ್ಕಳು, ನೆಗೆಣ್ಯಾರು. ಕೂಸಿನ ಕಾಕಾನೂ ಬಂದಿದ್ದ. ಒಳ್ಳೇ ಹುಡುಗ, ದ್ರಾಕ್ಷಿ ತೋಟ ಮಾಡ್ಯಾನ, ಮಾತ ಭಾಳ. ಕೂಸಿನ ಸೋದರತ್ತಿ ಕಿವಿಯಾಗ ಹೆಸರ ಹೇಳಿದಳು, ಎಲ್ಲಾರೂ ಕೂಡಿ ಆಕಿ ಬೆನ್ನ ಮ್ಯಾಲ ಗುದ್ದಿ ಕುರ್ರ್ ಅಂದಿವಿ. ಇನ್ನ ಹಾಡು. ನಾ ಶುರು ಮಾಡಿದೆ. ಅಂಕಲಿ ಆತು, ನಿಪ್ಪಾಣಿ ಆತು, ರಾಯಬಾಗದ ಉಂಡಿನೂ ಆತು. ಬೀಗತಿ ಕಿವಿ ನಿಗರಿಸಿ ಕುಂತಾಳ. ನಾ ಸೊಸಿ ಕಡೆ ನೋಡಿದೆ. ಆಕಿ ಫೋನ್ ಹಿಡಕೊಂಡು ಬಂದಳು. ಇದು ನಮ್ಮ ದೊಡ್ಡತ್ತಿ ಹಾಡಿದ ಹಾಡು, ಹಳೇ ಅಕ್ಷರದಾಗ ಸಿಕ್ಕೊಂಡಿತ್ತು, ಇವತ್ತ ಬಿಡಿಸಿಕೊಂಡ ಬಂದೀವಿ, ಕಾಗವಾಡದ ಸಾಲು ಇದರಾಗ ಐತಿ ಅಂತ ಎಲ್ಲಾರಿಗೂ ಹೇಳಿದಳು.

"ನಮ್ಮೂರಿನ ಸಾಲು ಅಂದ್ರ ನಾನ ಓದತೀನ್ರಿ, ತರ್ರಿ ಇಲ್ಲಿ" ಅಂತ ಕಾಕಾ ಫೋನ್ ಕಸಕೊಂಡ.

ತೊಟ್ಟಿಲದ ಹಗ್ಗ ಒಂದ ಕೈಯಾಗ ಹಿಡದ, ಫೋನ್ ಒಂದ ಕೈಯಾಗ ಹಿಡದ, ನನ್ನ ರಾಗದಾಗ ಎತ್ತಿದ. ದನಿ ಚಲೋ ಐತಿ ಹುಡುಗಂದು.

"ಕಾಗವಾಡ ಕಾಕಾ ತಂದಾನ... ಏ, ಇದನ್ನ ಎಲ್ಲಿಂದ ತಗದಿ ನೀ... ಕಾಗವಾಡದ್ದು ಈ ಹಾಡಿನಾಗ ಇಲ್ಲೇ ಇಲ್ಲ... ಅಂವ ಏನ ತರತಾನ, ಕೈ ಬೀಸ್ಕೋತ ಬರತಾನ... ಹೊಟ್ಟಿ ತುಂಬ ಹೋಳಗಿ ಉಣತಾನ, ಎಲಿ ಅಡಿಕಿ ಇಸ್ಕೊಂಡ ಹೊಕ್ಕಾನ... ಮಾಸ್ತರ, ಇದನ್ನ ಬರೀಬ್ಯಾಡ್ರಿ ಮತ್ತ..."

ರಾಗ ಬಿಡಲಿಲ್ಲ ಅಂವ. ಕಡೀತನಕ ಹಾಡಿದ. ಹಾಡಿ ಮುಗಿಸಿದ ಮ್ಯಾಲ ಅರ್ಥ ಆತು, ಬಾಯಿ ತಗದ ಹಂಗ ನಿಂತ.

ಸೊಸಿ ಮಾರಿ ಸುಣ್ಣ ಆತು. ತೊಟ್ಟಿಲದ ಹಂತೇಕ ಮೊಮ್ಮಗಳು ಸೆರಗ ಕಚ್ಚಿಕೊಂಡಳು. ನಾ ಬೀಗತಿ ಮಾರಿ ನೋಡಬೇಕಾಗಿತ್ತು, ನನಗ ಅದರ ಖಬರನೂ ಇರಲಿಲ್ಲ. ಅದು ನಮ್ಮಕ್ಕನ ದನಿ. ಹಾಡಿನ ದನಿ ಅಲ್ಲ, ನನ್ನ ಬೈಯೂ ದನಿ. ಇಲ್ಲದ ಸಾಲು ಹುಟ್ಟಿಸಿದಾಕಿ ನಾನ, ಅದಕ್ಕ ಆಕಿ ನನ್ನ ಬೈದದ್ದು, ಅದಕ್ಕ ನಾವು ನಕ್ಕದ್ದು. ಬರೀಬ್ಯಾಡ್ರಿ ಅಂದದ್ದನ್ನೂ ಆ ಮಾಸ್ತರು ಬಿಡದ ಬರದಿಟ್ಟಿದ್ದರು. ಹಾಡು ಹುಡುಕಾಕ ಹೋದರ ಅಕ್ಕನ ಸಿಕ್ಕಿದಳು. ನಾ ನಗಾಕ ಹತ್ತಿದೆ, ಕಣ್ಣಾಗ ನೀರ ಹರೀತು, ಎರಡೂ ನಿಲ್ಲಿಸಾಕ ಬರಲಿಲ್ಲ.

ಆವಾಗ ಬೀಗತಿ ಬಾಯಿ ತಗದಳು. ಮಗನ ಖಾಲಿ ಕೈ ಒಮ್ಮೆ ನೋಡಿದಳು, ನನ್ನ ಒಮ್ಮೆ ನೋಡಿದಳು.

"ಬೀಗತ್ಯಾರ, ನಿಮ್ಮಕ್ಕಾರು ನನ್ನ ಮಗನ್ನ ಯಾವಾಗ ನೋಡಿದ್ದರು?"

ಮನಿ ಛತ್ತು ಹಾರಿ ಹೋಗೂ ಹಂಗ ನಕ್ಕರು. ಕಾಗವಾಡದವರ ದನಿನ ಎಲ್ಲಾರಕ್ಕಿಂತ ದೊಡ್ಡದು. ಕೂಸು ಎಚ್ಚರಾಗಿ ಅಳಾಕ ಹತ್ತಿತು. ಕಾಕಾ ಫೋನ್ ಸೊಸಿ ಕೈಯಾಗ ಇಟ್ಟ, ಕೆರಾ ಮೆಟಗೊಂಡ, ಹೊರಗ ನಡದ. ಸಿಟ್ಟಾಗಿ ಹೋದ್ನೇನೋ ಅಂತ ಮೊಮ್ಮಗಳು ಅಂಜಿದಳು. ಆಕಿ ಅತ್ತಿ, ಅಂವ ಎಲ್ಲಿ ಹೊಕ್ಕಾನ, ಹೋಳಗಿ ಇನ್ನ ಬಡಿಸಿಲ್ಲ ಅಂದಳು.

ಖರೆನ ಬಂದ. ಚಿಕ್ಕೋಡಿ ಪ್ಯಾಟಿಗೆ ಹೋಗಿ ಬೆಳ್ಳಿ ಕಾಲಗಡಗ ತಂದಿದ್ದ. ತಾನ ಬಗ್ಗಿ ಕೂಸಿನ ಕಾಲಿಗೆ ಹಾಕಿದ. ಕೂಸು ಕಾಲ ಝಾಡಿಸಿತು, ಗೆಜ್ಜಿ ಘಲ್ ಅಂತು, ಅಳು ನಿಂತಿತು. ಆ ಘಲ್ ಅನ್ನೂದಕ್ಕ ನನ್ನ ಬಾಯಾಗ ತಾನ ಸಾಲು ಬಂತು. ಅಕ್ಕ ಇದ್ದಿದ್ದರ ಈ ಸಲ ಬೈತಿದ್ದಿಲ್ಲ:

ಕಾಗವಾಡ ಕಾಕಾ ಕಾಲಗಡಗ ತಂದಾನ
ಬೈಸಿಕೊಂಡ ಮ್ಯಾಲ ತಂದಾನ
ಜೋ ನನ ಕಂದಾ ಜೋ

ಹೆಂಗಸರೆಲ್ಲಾ ಕೂಡಿ ಅದನ್ನ ಹಿಡದ ಹಾಡಿದರು. ಸೊಸಿ ಅಲ್ಲೇ ಕುಂತು ಅಕ್ಕನ ಹಾಡಿನ ಕೆಳಗ, ಹೊಸ ಅಕ್ಷರದಾಗ, ಆ ಸಾಲು ಹಾಕಿದಳು. ಕಾಕಾ ಆಕಿ ಹಿಂದ ಬಂದು ಬಗ್ಗಿ ಓದಿದ. ತಲಿ ಕೆರಕೊಂಡ. ಅಕ್ಕಾರ, ಉಳದದ್ದು ಎಲ್ಲಾ ಇರಲಿ, 'ಬೈಸಿಕೊಂಡ ಮ್ಯಾಲ' ಅನ್ನೂದ ಒಂದ ಬದಲ ಮಾಡ್ರಿ, ನಾಳೆ ಮಂದಿ ಓದತಾರ ಅಂದ.

ಸೊಸಿ ತಲಿ ಎತ್ತಲಿಲ್ಲ.

"ಕಾಕಾರ, ಈ ಹಾಡಿನ ಅಕ್ಷರ ಬದಲ ಮಾಡಿ ಮಾಡಿ ನನ್ನ ಕೈ ಸೋತು ಹೋಗ್ಯಾವು. ಇನ್ನ ಒಂದ ಅಕ್ಷರನೂ ಬದಲ ಮಾಡಂಗಿಲ್ಲ."